ಧ್ಯಾನವೂ ಯಂತ್ರದ ಅಳತೆಯೂ



ಧ್ಯಾನ ಮಾಡುವುದರಿಂದ ಪ್ರಯೋಜನವುಂಟೆಂದು ಈಗ ವಿಜ್ಞಾನಿಗಳೇ ಒಪ್ಪಿದ್ದಾರಂತೆ, ಹೌದೇ ಬುದ್ಧಿ? ಎಂದು ನಮ್ಮನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೆಲವರು ಪತ್ರಿಕೆಯಲ್ಲಿ ಬಂದುದನ್ನು ಕತ್ತರಿಸಿ ತರುತ್ತಾರೆ. ಹುಡುಗರು ಮೊಬೈಲನ್ನೇ ನಮ್ಮ ಕೈಗೆ ಕೊಡುತ್ತಾರೆ. ಧ್ಯಾನದಿಂದ ರಕ್ತದೊತ್ತಡ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ, ಮಿದುಳು ಬೆಳೆಯುತ್ತದೆ, ಹೃದಯವನ್ನೇ ನಿಲ್ಲಿಸಬಹುದು ಎಂದೆಲ್ಲ ಅದರಲ್ಲಿ ಇರುತ್ತದೆ. ಓದಿದವರಿಗೆ ಸಂತೋಷವಾಗುತ್ತದೆ, ನಮ್ಮ ಹಿರಿಯರು ಹೇಳಿದ್ದು ಸುಳ್ಳಾಗಲಿಲ್ಲವೆಂಬ ಹೆಮ್ಮೆಯೂ ಆಗುತ್ತದೆ. ಆ ಸಂತೋಷಕ್ಕೆ ನಾವು ಅಡ್ಡಿ ಬರುವುದಿಲ್ಲ. ಆದರೆ ಅವರು ಒಪ್ಪಿದ್ದು ಏನನ್ನು, ಎಷ್ಟನ್ನು ಎಂಬುದನ್ನು ವಿಚಾರಿಸದೆ ಹಿಗ್ಗಿದರೆ, ಸಾಕ್ಷಿಯ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಟ್ಟ ಪಂಚಾಯಿತಿಯಂತೆ ಆಗುತ್ತದೆ. ಆದುದರಿಂದ ಈ ದಿನ ಆ ಸಾಕ್ಷಿಯನ್ನು ಸ್ವಲ್ಪ ವಿವರವಾಗಿ ಕೇಳೋಣ.

ಮೊದಲು ಶಬ್ದದ ಅರ್ಥ. ‘ಧ್ಯೈ’ ಎಂಬ ಧಾತುವಿನಿಂದ ಧ್ಯಾನಶಬ್ದವು ಹುಟ್ಟಿದೆ. ಚಿಂತಿಸು ಎಂಬುದು ಆ ಧಾತುವಿನ ಅರ್ಥ. ಪತಂಜಲಿ ಮಹರ್ಷಿಗಳು ಯೋಗದ ಎಂಟು ಅಂಗಗಳಲ್ಲಿ ಅದನ್ನು ಏಳನೆಯದಾಗಿ ಇಟ್ಟಿದ್ದಾರೆ. ಚಿತ್ತವನ್ನು ಒಂದೆಡೆಯಲ್ಲಿ ಕಟ್ಟಿ ನಿಲ್ಲಿಸುವುದು ಧಾರಣೆ. ಆ ಒಂದೇ ವಿಷಯದ ಅರಿವು ಕಡಿಯದಂತೆ ಹರಿಯುವುದು ಧ್ಯಾನ. ಪಾತ್ರೆಯಿಂದ ಪಾತ್ರೆಗೆ ಎಣ್ಣೆ ಸುರಿಯುವಾಗ ಧಾರೆ ಹರಿಯದೆ ಬೀಳುವುದನ್ನು ನೀವು ಕಂಡಿದ್ದೀರಿ. ಹಿಂದಿನವರು ಅದನ್ನೇ ಹೋಲಿಕೆಯಾಗಿ ಕೊಟ್ಟರು. ಕಣ್ಣು ಮುಚ್ಚಿ ಕುಳಿತ ಮಾತ್ರಕ್ಕೆ ಧ್ಯಾನವಾಗುವುದಿಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಈ ಭೇದವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂಥ ಒಳಗಿನ ವ್ಯಾಪಾರವನ್ನು ಹೊರಗಿನ ಯಂತ್ರ ಹೇಗೆ ಅಳೆಯಬಲ್ಲದು? ನೇರವಾಗಿ ಅಳೆಯಲಾರದು. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತರ್ಕಶಾಸ್ತ್ರದವರು ಅನುಮಾನಿಸುತ್ತಾರಲ್ಲ, ಹಾಗೆಯೇ ಇದು. ನಾಡಿ ನಿಮಿಷಕ್ಕೆ ಎಷ್ಟು ಬಡಿಯಿತು, ಉಸಿರು ಎಷ್ಟು ಸಲ ಆಡಿತು, ದೇಹವು ಎಷ್ಟು ಆಮ್ಲಜನಕವನ್ನು ಬಳಸಿತು, ತಲೆಯ ಮೇಲೆ ತಂತಿ ಅಂಟಿಸಿದರೆ ಮಿದುಳಿನ ವಿದ್ಯುತ್ತಿನ ಅಲೆ ಹೇಗೆ ಏಳುತ್ತದೆ, ಅಂಗೈಯ ಚರ್ಮವು ಸಣ್ಣ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ, ಇವನ್ನು ಅಳೆಯುತ್ತಾರೆ. ಇವೆಲ್ಲ ಹೊಗೆ. ಬೆಂಕಿ ಯಾವುದೆಂಬುದನ್ನು ಅನುಮಾನಿಸಬೇಕು. ಅನುಮಾನದಲ್ಲಿ ಹೇತು ಸರಿಯಿಲ್ಲದಿದ್ದರೆ ಅದನ್ನು ಹೇತ್ವಾಭಾಸವೆನ್ನುತ್ತಾರೆ; ನೋಡಲು ಕಾರಣದಂತೆ ಇರುತ್ತದೆ, ಕಾರಣವಲ್ಲ. ಮಂಜನ್ನು ಹೊಗೆಯೆಂದು ತಿಳಿದು ಬೆಂಕಿ ಆರಿಸಲು ಕೊಡ ಹಿಡಿದು ಓಡಿದರೆ ಏನಾಗುತ್ತದೆಯೋ ಅದೇ ಗತಿ.

ನಮ್ಮ ದೇಶದಲ್ಲಿ ಈ ಪರೀಕ್ಷೆಗಳಿಗೆ ನೂರು ವರ್ಷದ ಇತಿಹಾಸವಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳನ್ನು ಪ್ರಯೋಗಶಾಲೆಗೆ ತಂದು, ಅದಕ್ಕಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದರು. 1935ರಲ್ಲಿ ಫ್ರಾನ್ಸಿನ ಹೃದಯವೈದ್ಯೆ ತೆರೇಸ್ ಬ್ರಾಸ್ ಎಂಬವರು ಯಂತ್ರವನ್ನು ಹೊತ್ತುಕೊಂಡು ಭಾರತಕ್ಕೆ ಬಂದರು. ಯೋಗಿಗಳು ಹೃದಯವನ್ನು ನಿಲ್ಲಿಸಬಲ್ಲರೆಂಬ ಮಾತು ಆಗ ಪಾಶ್ಚಾತ್ಯರಲ್ಲಿ ಬಹಳ ಕುತೂಹಲ ಹುಟ್ಟಿಸಿತ್ತು. ಅದನ್ನು ಇನ್ನೂ ಒಳ್ಳೆಯ ಉಪಕರಣಗಳಿಂದ ನೋಡಿದವರು ಅಮೆರಿಕದ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಡಾಕ್ಟರ್ ಆನಂದ್. 1961ರಲ್ಲಿ ಅವರು ಫಲವನ್ನು ಪ್ರಕಟಿಸಿದರು. ಯೋಗಿಯು ಉಸಿರು ಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಹಿಂದಿರುಗುವ ರಕ್ತ ಕಡಮೆಯಾಗುತ್ತದೆ. ಆಗ ಮುಂಗೈಯ ನಾಡಿ ಕೈಗೆ ಸಿಕ್ಕುವುದಿಲ್ಲ. ಡಾಕ್ಟರರ ಕಿವಿಗೊಳವೆಗೂ ಸದ್ದು ಕೇಳಿಸುವುದಿಲ್ಲ. ಆದರೆ ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರದಲ್ಲಿ ಅದು ಬಡಿಯುತ್ತಲೇ ಇತ್ತು. ನಾಡಿ ಸಿಕ್ಕಲಿಲ್ಲ, ಆದ್ದರಿಂದ ಹೃದಯ ನಿಂತಿತು ಎಂಬುದು ಹೇತ್ವಾಭಾಸಕ್ಕೆ ಪಾಠದಲ್ಲಿ ಹೇಳಿಕೊಡಬಹುದಾದ ಉದಾಹರಣೆ. ಇದರಿಂದ ಯೋಗಕ್ಕೆ ಏನೂ ನಷ್ಟವಾಗಲಿಲ್ಲ. ಹೃದಯವನ್ನು ನಿಲ್ಲಿಸುವುದು ಯೋಗದ ಗುರಿಯೆಂದು ಯಾವ ಆಚಾರ್ಯರು ಹೇಳಿದ್ದರು? ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಪತಂಜಲಿಗಳೇ ಎಚ್ಚರಿಸಿದ್ದಾರೆ.

ಅದೇ ಕಾಲದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಇದೇ ಆನಂದ್, ಛೀನಾ, ಬಲದೇವ ಸಿಂಗ್ ಎಂಬ ಮೂವರು ಮಾಡಿದ ಇನ್ನೊಂದು ಪರೀಕ್ಷೆ ಹೆಚ್ಚು ಬೆಲೆಯುಳ್ಳದ್ದು. ಎಚ್ಚರವಾಗಿ, ಆದರೆ ಆರಾಮವಾಗಿ ಕಣ್ಣು ಮುಚ್ಚಿ ಕುಳಿತವನ ಮಿದುಳಿನಲ್ಲಿ ಆಲ್ಫಾ ಎಂಬ ನಿಧಾನವಾದ ಅಲೆ ಕಾಣುತ್ತದೆ. ಪಕ್ಕದಲ್ಲಿ ಸದ್ದಾದರೆ, ಮುಖಕ್ಕೆ ಬೆಳಕು ಬಿಟ್ಟರೆ ಅದು ತಟ್ಟನೆ ಮುರಿಯುತ್ತದೆ. ಧ್ಯಾನಸ್ಥರಾದ ಯೋಗಿಗಳ ಎದುರಿಗೆ ಬೆಳಕು ಬಿಟ್ಟರು, ದೊಡ್ಡ ಸದ್ದು ಮಾಡಿದರು, ಬಿಸಿಯಾದ ಗಾಜಿನ ಕೊಳವೆಯನ್ನು ಮುಟ್ಟಿಸಿದರು. ಅಲೆ ಮುರಿಯಲಿಲ್ಲ. ಧ್ಯಾನದಿಂದ ಎದ್ದ ಮೇಲೆ ಅದೇ ಸದ್ದಿಗೆ ಮುರಿಯಿತು. ಬೇರೆ ಇಬ್ಬರು 4 ಡಿಗ್ರಿಯ ತಣ್ಣೀರಿನಲ್ಲಿ 45 ರಿಂದ 55 ನಿಮಿಷ ಕೈಯಿಟ್ಟುಕೊಂಡೇ ಇದ್ದರು. ಅಲೆ ಹಾಗೆಯೇ ಇತ್ತು. ಇಂದ್ರಿಯಗಳು ವಿಷಯಗಳಿಂದ ಹಿಂದೆ ಸರಿಯುವುದನ್ನು ಶಾಸ್ತ್ರದಲ್ಲಿ ಪ್ರತ್ಯಾಹಾರವೆಂದು ಓದಿದವರಿಗೆ ಇದು ಹೊಸದಲ್ಲ, ಆದರೆ ಕಾಗದದ ಮೇಲೆ ಗೆರೆಯಾಗಿ ಕಂಡುದು ಹೊಸದು. ನೆನಪಿಡಬೇಕಾದುದೇನೆಂದರೆ, ಇವರು ಬೆರಳೆಣಿಕೆಯ ಜನ, ವರ್ಷಗಟ್ಟಲೆ ಸಾಧನೆ ಮಾಡಿದವರು. ಅವರಿಗೆ ಆದುದು ನಿನ್ನೆ ಪ್ರಾರಂಭಿಸಿದ ನಮ್ಮ ಸಂಸಾರಿಗಳಿಗೂ ಆಗುತ್ತದೆಯೆಂದು ಹೇಳಲು ಬರುವುದಿಲ್ಲ.

ಸಂಸಾರಿಗಳ ವಿಷಯ ಶುರುವಾದುದು 1970ರಿಂದ. ಮಹರ್ಷಿ ಮಹೇಶ ಯೋಗಿಗಳು ಕಲಿಸಿದ ಮಂತ್ರಧ್ಯಾನವನ್ನು ಮಾಡುತ್ತಿದ್ದ ಅಮೆರಿಕದ ಸಾಮಾನ್ಯ ಜನರನ್ನು ವ್ಯಾಲೆಸ್ ಎಂಬವರು ಪರೀಕ್ಷಿಸಿದರು. ಆಮೇಲೆ ಹಾರ್ವರ್ಡಿನ ಬೆನ್ಸನ್ ಎಂಬ ವೈದ್ಯರು ಅವರ ಜೊತೆ ಸೇರಿದರು. ಧ್ಯಾನಕಾಲದಲ್ಲಿ ದೇಹದ ಆಮ್ಲಜನಕದ ಬಳಕೆ ಶೇಕಡ 17ರಷ್ಟು ಇಳಿಯಿತೆಂದು ಅವರು ಬರೆದರು. ಲೋಕದಲ್ಲೆಲ್ಲ ಸುದ್ದಿಯಾಯಿತು. ಆದರೆ 1984ರಲ್ಲಿ ಹೋಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳವಾದ ಪ್ರಶ್ನೆ ಕೇಳಿದರು. ಧ್ಯಾನ ಮಾಡದೆ ಸುಮ್ಮನೆ ವಿಶ್ರಾಂತಿಯಾಗಿ ಕುಳಿತವನಿಗೆ ಏನಾಗುತ್ತದೆ? ಆ ವರೆಗೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಡಿ ಉಸಿರುಗಳ ಮಟ್ಟಿಗೆ ಸುಮ್ಮನೆ ಕುಳಿತವನಿಗೂ ಧ್ಯಾನಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು. ನಮಗೆ ಹೋಮ್ಸರ ಪ್ರಶ್ನೆ ಮೆಚ್ಚುಗೆಯಾಯಿತು. ನೀವು ರೈತರು. ಹೊಸ ಗೊಬ್ಬರ ಹಾಕಿದ ವರ್ಷ ಟೊಮೇಟೊ ಚೆನ್ನಾಗಿ ಬಂದರೆ, ಗೊಬ್ಬರದಿಂದ ಬಂತೋ ಮಳೆಯಿಂದ ಬಂತೋ ಹೇಗೆ ಹೇಳುತ್ತೀರಿ? ಪಕ್ಕದ ತಾಕಿಗೆ ಗೊಬ್ಬರ ಹಾಕದೆ ಬಿಟ್ಟಿರಬೇಕು. ಅದೇ ಮಣ್ಣು, ಅದೇ ಬೋರಿನ ನೀರು, ಅದೇ ಸಸಿ. ಅಲ್ಲಿ ಬಾರದ ಬೆಳೆ ಇಲ್ಲಿ ಬಂದರೆ ಆಗ ಗೊಬ್ಬರದ ಮಾತು. ತರ್ಕದಲ್ಲಿ ಇದನ್ನೇ ಅನ್ವಯ, ವ್ಯತಿರೇಕ ಎನ್ನುವುದು. ಇದು ಇದ್ದರೆ ಅದು ಇದೆ ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದು ಇಲ್ಲ ಎಂಬುದು ವ್ಯತಿರೇಕ. ಅನ್ವಯವೊಂದನ್ನೇ ಹಿಡಿದುಕೊಂಡು ಪ್ರಚಾರ ಮಾಡುವವರು ಬಹಳ. ಮೊಬೈಲಿನಲ್ಲಿ ಬರುವುದು ಹೆಚ್ಚಾಗಿ ಅದೇ.

ವ್ಯತಿರೇಕವನ್ನು ಬಿಡದೆ ಈ ಕೆಲಸವನ್ನು ಮಾಡಿದವರು ನಮ್ಮ ಬೆಂಗಳೂರಿನಲ್ಲಿಯೇ ಇದ್ದಾರೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿಯದು. ನಿಮ್ಹಾನ್ಸ್ ಆಸ್ಪತ್ರೆಯನ್ನು ನೀವೆಲ್ಲ ಬಲ್ಲಿರಿ. ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಆ ಸಂಸ್ಥೆಯಾಯಿತು. ಅಲ್ಲಿ ದೇಸಿರಾಜು ಮತ್ತು ಶರ್ಲಿ ಟೆಲ್ಲೆಸ್ ಎಂಬ ವಿಜ್ಞಾನಿಗಳು ಬ್ರಹ್ಮಕುಮಾರಿಯವರ ರಾಜಯೋಗವನ್ನು ಅಭ್ಯಾಸ ಮಾಡುತ್ತಿದ್ದ 18 ಮಂದಿ ಸಾಧಕರನ್ನು ಪರೀಕ್ಷಿಸಿ 1993ರಲ್ಲಿ ಫಲವನ್ನು ಪ್ರಕಟಿಸಿದರು. ಅದೇ ಸಾಧಕರನ್ನು ಒಂದು ದಿನ ಧ್ಯಾನಕ್ಕೆ, ಇನ್ನೊಂದು ದಿನ ಧ್ಯಾನವಿಲ್ಲದೆ ಕೂರಿಸಿ ಹೋಲಿಸಿದರು. ಧ್ಯಾನದಲ್ಲಿ ನಾಡಿ ಇಳಿಯುತ್ತದೆಯೆಂದು ನೀವು ಹೇಳುವಿರಿ. ಇಳಿಯಲಿಲ್ಲ, ಏರಿತು! ಉಸಿರಿನ ವೇಗದಲ್ಲಿ ಒಟ್ಟಾರೆ ಬದಲಾವಣೆಯಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬಗೆಯ ವ್ಯತ್ಯಾಸವಾಗಿತ್ತು.

ಆಮೇಲೆ ಟೆಲ್ಲೆಸ್ ಅವರು, ಜಿಗಣಿಯ ಬಳಿ ಪ್ರಶಾಂತಿ ಕುಟೀರದಲ್ಲಿ ವಿವೇಕಾನಂದ ಯೋಗ ಸಂಶೋಧನೆಯನ್ನು ನಡೆಸುತ್ತಿದ್ದ ನಾಗೇಂದ್ರ ಮತ್ತು ವೈದ್ಯೆ ನಾಗರತ್ನ ಅವರೊಡನೆ ಕೆಲಸ ಮಾಡಿದರು. ಆ ಸಂಸ್ಥೆ 2002ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಓಂಕಾರವನ್ನು ಧ್ಯಾನಿಸುತ್ತಿದ್ದ ಏಳು ಮಂದಿ ಅನುಭವಿಗಳಲ್ಲಿ ನಾಡಿ ಇಳಿದುದನ್ನೂ, ಜೊತೆಗೆ ಮನಸ್ಸು ಎಚ್ಚರವಾಗಿರುವುದರ ಗುರುತನ್ನೂ ಅವರು 1995ರಲ್ಲಿ ಕಂಡರು. ಇನ್ನೊಂದು ಪ್ರಯೋಗ ನಮಗೆ ಬಹಳ ಹಿಡಿಸಿತು; 1998ರದು. 12 ಮಂದಿಯನ್ನು ಒಂದು ಸಲ ಮನಸ್ಸಿನಲ್ಲಿಯೇ ‘ಓಂ’ ಎಂದು ಜಪಿಸಲು ಹೇಳಿದರು. ಇನ್ನೊಂದು ಸಲ ‘ಒನ್’, ಅಂದರೆ ಇಂಗ್ಲಿಷಿನ ಒಂದು, ಎಂದು ಜಪಿಸಲು ಹೇಳಿದರು. ಮೂರನೆಯ ಸಲ ಮನಸ್ಸು ಹೋದ ಕಡೆ ಹೋಗಲಿ ಎಂದು ಬಿಟ್ಟರು. ಉಸಿರೂ ನಾಡಿಯೂ ಮೂರರಲ್ಲಿಯೂ ಇಳಿದುವು. ಆದುದರಿಂದ ನಾಡಿ ಇಳಿಯಿತೆಂಬುದು ಧ್ಯಾನಕ್ಕೆ ಹೇತುವಾಗಲಾರದು. ಧ್ಯಾನವಿಲ್ಲದ ಕಡೆಯೂ ಅದು ಇರುವುದರಿಂದ ಅದನ್ನು ನಮ್ಮವರು ವ್ಯಭಿಚಾರಿ ಹೇತುವೆನ್ನುತ್ತಾರೆ. ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಒಂದಿತ್ತು. ಓಂಕಾರದಲ್ಲಿ ಮಾತ್ರ ಚರ್ಮದ ವಿದ್ಯುತ್ ತಡೆ ಕಡಮೆಯಾಯಿತು. ಮನಸ್ಸು ಎಚ್ಚರಗೊಂಡಾಗ ಅಂಗೈಯಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಒಸರಿ ಈ ತಡೆ ಇಳಿಯುತ್ತದೆ. ಅಂದರೆ ದೇಹ ವಿಶ್ರಾಂತಿಯಲ್ಲಿತ್ತು, ಮನಸ್ಸು ಜಾಗರದಲ್ಲಿತ್ತು. ಬರಿಯ ಶಬ್ದವಲ್ಲ, ಅರ್ಥವಿರುವ ಶಬ್ದ ಬೇಕಾಯಿತು. ಪೂಜೆಯಲ್ಲಿ ತೂಕಡಿಸಿ, ಬಹಳ ಶಾಂತಿ ಸಿಕ್ಕಿತು ಬುದ್ಧಿ ಎನ್ನುವವರು ಇದನ್ನು ಗಮನಿಸಬೇಕು. ಅವರಿಗೆ ಸಿಕ್ಕಿದ್ದು ನಿದ್ರೆ. ಅದೂ ಒಳ್ಳೆಯದೇ, ಹಾಸಿಗೆಯ ಮೇಲೆ.

ಇದೇ ಸಂಸ್ಥೆಯವರು ಆವರ್ತನ ಧ್ಯಾನವೆಂಬ ಒಂದು ಕ್ರಮವನ್ನು ಹೊಂದಿಸಿದ್ದಾರೆ. ಅದರ ಮೂಲ ಗೌಡಪಾದರ ಮಾಂಡೂಕ್ಯಕಾರಿಕೆಯಲ್ಲಿದೆ. ಮನಸ್ಸು ಜಡವಾಗಿ ಮುಳುಗುತ್ತಿದ್ದರೆ ಎಬ್ಬಿಸಬೇಕು, ಚದುರುತ್ತಿದ್ದರೆ ಶಾಂತಗೊಳಿಸಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಅದರಂತೆ ಸ್ವಲ್ಪ ಹೊತ್ತು ನಿಧಾನವಾದ ಆಸನ, ಸ್ವಲ್ಪ ಹೊತ್ತು ವಿಶ್ರಾಂತಿ, ಮತ್ತೆ ಆಸನ, ಹೀಗೆ ನಡೆಯುತ್ತದೆ. 2000ದಲ್ಲಿ 40 ಮಂದಿಯಲ್ಲಿ ಇದನ್ನು ಶವಾಸನದೊಂದಿಗೆ ಹೋಲಿಸಿದರು. ಸುಮ್ಮನೆ ಶವಾಸನದಲ್ಲಿ ಮಲಗಿದ ಮೇಲೆ ಆಮ್ಲಜನಕದ ಬಳಕೆ ಶೇಕಡ 10ರಷ್ಟು ಇಳಿಯಿತು. ಆವರ್ತನ ಧ್ಯಾನದ ಮೇಲೆ ಶೇಕಡ 32ರಷ್ಟು. ಹೋಮ್ಸರು ಕೇಳಿದ ಪ್ರಶ್ನೆಗೆ ಇದು ಜಿಗಣಿಯ ಉತ್ತರ. ಒಂದೇ ಪ್ರಯೋಗದಿಂದ ವಾದ ಮುಗಿಯುವುದಿಲ್ಲ, ಆದರೆ ಪಕ್ಕದ ತಾಕನ್ನು ಬಿಟ್ಟು ನೋಡಿದ್ದಾರೆ ಎಂಬುದೇ ದೊಡ್ಡದು. 2011ರಲ್ಲಿ ನಿಮ್ಹಾನ್ಸಿನವರು 12 ಮಂದಿ ಆರೋಗ್ಯವಂತರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ ಓಂಕಾರವನ್ನು ಉಚ್ಚರಿಸಲು ಹೇಳಿದರು. ಭಯ ಕಳವಳಗಳಿಗೆ ಸಂಬಂಧಪಟ್ಟ ಭಾಗಗಳಲ್ಲಿ ಚಟುವಟಿಕೆ ತಗ್ಗಿತು. ಅಷ್ಟೇ ಹೊತ್ತು ಬರಿಯ ‘ಸ್’ ಎಂಬ ಸದ್ದು ಮಾಡಿದಾಗ ತಗ್ಗಲಿಲ್ಲ. ಇದು ಪ್ರಾಥಮಿಕ ಪ್ರಯೋಗವೆಂದು ಅವರೇ ಬರೆದಿದ್ದಾರೆ. ಅವರು ಬರೆದ ಆ ಮಾತು ಸಂದೇಶವಾಗಿ ಊರೂರು ಸುತ್ತುವಾಗ ಬಿದ್ದುಹೋಗುತ್ತದೆ.

ಇನ್ನು ಕಾಯಿಲೆಯ ವಿಷಯ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಧ್ಯಾನ ಪ್ರಾರಂಭಿಸಿದ ಮೇಲೆ ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟೆನೆಂದು ಒಬ್ಬ ಹಿರಿಯರು ಕಳೆದ ಶ್ರಾವಣದಲ್ಲಿ ನಮ್ಮೆದುರಿಗೆ ಹೆಮ್ಮೆಯಿಂದ ಹೇಳಿದರು. ಪ್ರಸಾದಕ್ಕೂ ನಿಲ್ಲಿಸದೆ ಅವರನ್ನು ಮಗನ ಜೊತೆಯಲ್ಲಿ ಟಮಕದ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಅಳೆದಾಗ ಒತ್ತಡ ಎಷ್ಟಿತ್ತೆಂಬುದನ್ನು ಕೇಳಿ ಮನೆಯವರು ಗಾಬರಿಯಾದರು. ಅವರಿಗೆ ತಲೆನೋವೂ ಇರಲಿಲ್ಲ, ಸುಸ್ತೂ ಇರಲಿಲ್ಲ. ಮನಸ್ಸು ನಿರ್ಮಲವಾಗಿದೆ ಎನ್ನುತ್ತಿದ್ದರು. ಮನಸ್ಸಿನ ನೆಮ್ಮದಿಯಿಂದ ರಕ್ತನಾಳದ ಒತ್ತಡವನ್ನು ಅನುಮಾನಿಸಿದ್ದೂ ಹೇತ್ವಾಭಾಸವೇ. ಆದರೆ ಈ ಹೇತ್ವಾಭಾಸದಲ್ಲಿ ಸೋಲುವುದು ವಾದವಲ್ಲ, ಪಾರ್ಶ್ವವಾಯು ಹೊಡೆದು ಮನುಷ್ಯನೇ ಬೀಳುತ್ತಾನೆ. ಅಮೆರಿಕದ ಹೃದಯವೈದ್ಯರ ಸಂಘವು 2017ರಲ್ಲಿ ಈ ಸಂಶೋಧನೆಗಳನ್ನೆಲ್ಲ ತೂಗಿ, ಧ್ಯಾನದಿಂದ ಹೃದಯಕ್ಕೆ ಪ್ರಯೋಜನವಿರುವ ಸಂಭವವಿದೆ, ಔಷಧ ಪಥ್ಯಗಳ ಜೊತೆಗೆ ಅದನ್ನೂ ಮಾಡಬಹುದು ಎಂದು ಹೇಳಿತು. ಜೊತೆಗೆ ಎಂದಿತೇ ಹೊರತು ಬದಲಿಗೆ ಎನ್ನಲಿಲ್ಲ.

ಮನಸ್ಸಿನ ಕಾಯಿಲೆಯಲ್ಲಿಯೂ ಹಾಗೆಯೇ. ಘೋರವಾದ ಖಿನ್ನತೆಯಿಂದ ಆಸ್ಪತ್ರೆ ಸೇರಿದ 45 ಮಂದಿಯನ್ನು ನಿಮ್ಹಾನ್ಸಿನಲ್ಲಿ ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸ ಕೊಟ್ಟರು. 2000ದಲ್ಲಿ ಪ್ರಕಟವಾದ ಲೆಕ್ಕದಂತೆ ನಾಲ್ಕು ವಾರಗಳ ಮೇಲೆ ಗುಣ ಕಂಡವರು ವಿದ್ಯುತ್ ಚಿಕಿತ್ಸೆಯಲ್ಲಿ ಶೇಕಡ 93, ಮಾತ್ರೆಯಲ್ಲಿ 73, ಕ್ರಿಯೆಯಲ್ಲಿ 67. ಉಸಿರಾಟವು ಮಾತ್ರೆಯ ಹತ್ತಿರಕ್ಕೆ ಬಂದುದು ಆಶ್ಚರ್ಯದ ವಿಷಯವೇ ಸರಿ. ಆದರೆ ಆ ರೋಗಿಗಳು ಆಸ್ಪತ್ರೆಯಲ್ಲಿದ್ದರು, ವೈದ್ಯರು ದಿನವೂ ನೋಡುತ್ತಿದ್ದರು. ಮನೆಯಲ್ಲಿ ಮಂಕಾಗಿ ಕುಳಿತ ಮಗಳನ್ನು ಡಾಕ್ಟರಿಗೆ ತೋರಿಸದೆ, ಧ್ಯಾನ ಮಾಡು ಸರಿಹೋಗುತ್ತದೆ ಎನ್ನುವ ತಾಯಿತಂದೆಗಳು ಈ ಲೆಕ್ಕವನ್ನು ತಮ್ಮ ಪರವಾಗಿ ತೋರಿಸುವಂತಿಲ್ಲ. 2014ರಲ್ಲಿ ಅಮೆರಿಕದವರು 3515 ಜನರ ಮೇಲೆ ನಡೆದ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಕಳವಳ, ಖಿನ್ನತೆ, ನೋವು, ಇವು ಧ್ಯಾನದಿಂದ ಸ್ವಲ್ಪಮಟ್ಟಿಗೆ ತಗ್ಗುತ್ತವೆ. ಔಷಧ, ವ್ಯಾಯಾಮ ಮುಂತಾದುವಕ್ಕಿಂತ ಧ್ಯಾನವು ಹೆಚ್ಚೆಂಬುದಕ್ಕೆ ಆಧಾರವಿಲ್ಲ ಎಂಬುದು ಅವರ ನಿರ್ಣಯ. ಕೆಲವರಿಗೆ ಧ್ಯಾನದಿಂದಲೇ ಕಳವಳ ಹೆಚ್ಚುವುದೂ ಉಂಟು. 2020ರಲ್ಲಿ ಇದನ್ನೇ ವಿಚಾರಿಸಿದವರು ನೂರಕ್ಕೆ ಎಂಟು ಮಂದಿಗೆ ಇಂಥ ತೊಂದರೆ ಕಂಡಿತೆಂದು ಬರೆದಿದ್ದಾರೆ. ಗುರುವಿಲ್ಲದೆ ಯೋಗ ಹಿಡಿಯಬಾರದೆಂದು ಹಿಂದಿನವರು ಹೇಳಿದ್ದು ಸುಮ್ಮನೆ ಅಲ್ಲ.

ಮಿದುಳು ಬೆಳೆಯುತ್ತದೆಂಬ ಮಾತು ಎಲ್ಲಿಂದ ಬಂತು? 2005ರಲ್ಲಿ 20 ಮಂದಿ ಹಳೆಯ ಸಾಧಕರ ಮಿದುಳಿನ ಕೆಲವು ಭಾಗ ದಪ್ಪವಾಗಿದೆಯೆಂದು ಒಂದು ವರದಿ ಬಂತು. ಆಮೇಲೆ ಎಂಟೇ ವಾರದಲ್ಲಿ ಹೀಗಾಗುತ್ತದೆಂದರು. 2022ರಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನಿಟ್ಟು, ಹೋಲಿಕೆಯ ಗುಂಪುಗಳನ್ನೂ ಇಟ್ಟು ನೋಡಿದಾಗ ಎಂಟು ವಾರದಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಕಡೆಯ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಮೇಲ್ಪಟ್ಟ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲವೂ ಬಂತು. ಧ್ಯಾನದ ಪಾಠದಿಂದ ಮಕ್ಕಳ ಮಾನಸಿಕ ಆರೋಗ್ಯ ಉಳಿದ ಮಕ್ಕಳಿಗಿಂತ ಮೇಲಾಗಲಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲವಂತೆ. ಬಲವಂತದ ಧ್ಯಾನ ಎಲ್ಲಿಯಾದರೂ ಉಂಟೇ?

ಕೆ.ಜಿ.ಎಫ್. ಗಣಿಯಲ್ಲಿ ದುಡಿದವರು ನಮ್ಮ ಭಕ್ತರಲ್ಲಿದ್ದಾರೆ. 2001ರಲ್ಲಿ ಮುಚ್ಚುವವರೆಗೂ ಅಲ್ಲಿ ಒಂದೊಂದು ಟನ್ ಕಲ್ಲನ್ನು ಪುಡಿಮಾಡಿ ತೊಳೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಆ ಕೆಲವು ಗ್ರಾಮಿಗಾಗಿ ನೂರಿಪ್ಪತ್ತು ವರ್ಷ ಭೂಮಿಯೊಳಗೆ ಇಳಿದರು. ಈ ಸಂಶೋಧನೆಗಳಲ್ಲಿ ಸಿಕ್ಕಿದ್ದೂ ಅಷ್ಟೇ ಪ್ರಮಾಣದ್ದು, ಆದರೆ ಅದು ಚಿನ್ನವೇ. ಕಲ್ಲನ್ನೂ ಸೇರಿಸಿ ಚಿನ್ನದ ಬೆಲೆಗೆ ಮಾರಬಾರದು.

ನಮ್ಮ ಇಷ್ಟಲಿಂಗ ಪೂಜೆಗೆ ಹತ್ತಿರವಾದ ಪರೀಕ್ಷೆ ಇದೆಯೇ ಎಂದು ಕೇಳುತ್ತೀರಿ. ಅಂಗೈಯ ಲಿಂಗದಲ್ಲಿ ರೆಪ್ಪೆ ಬಡಿಯದೆ ದೃಷ್ಟಿಯಿಡುವುದಕ್ಕೆ ಹೊರಗಿನಿಂದ ಹೋಲುವುದು ಹಠಯೋಗದ ತ್ರಾಟಕ. ಜಿಗಣಿಯವರೇ 60 ಮಂದಿ ವೃದ್ಧರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಸುಮಾರು ಒಂದು ತಿಂಗಳು ತ್ರಾಟಕವನ್ನು ಅಭ್ಯಾಸ ಮಾಡಿಸಿ 2014ರಲ್ಲಿ ಫಲ ಪ್ರಕಟಿಸಿದರು. ಹೇಳಿದ ಅಂಕಿಗಳನ್ನು ನೆನಪಿಟ್ಟು ಒಪ್ಪಿಸುವುದರಲ್ಲಿ, ಅಕ್ಷರಗಳ ಗುಂಪಿನಿಂದ ಬೇಕಾದುದನ್ನು ಹುಡುಕಿ ಹೊಡೆದುಹಾಕುವುದರಲ್ಲಿ ಅವರು ಮೇಲಾದರು. ಎರಡನೆಯ ಪಾಲಿನವರು ತಮ್ಮ ಸರದಿಗೆ ಕಾಯುತ್ತಿದ್ದರು, ಬೇರೆ ಏನನ್ನೂ ಮಾಡುತ್ತಿರಲಿಲ್ಲ. ಆದುದರಿಂದ ಹೋಲಿಕೆ ಅಷ್ಟು ಬಿಗಿಯಾದುದಲ್ಲ. ಇದನ್ನು ಲಿಂಗಪೂಜೆಯ ಪರೀಕ್ಷೆಯೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತ್ರಾಟಕದಲ್ಲಿ ನೋಡುವವನೂ ನೋಟದ ಗುರಿಯೂ ಕೊನೆಯವರೆಗೆ ಎರಡಾಗಿಯೇ ಇರಬಹುದು. ಶಿವಯೋಗದಲ್ಲಿ ಆ ಎರಡು ಎಂಬುದು ಕರಗಬೇಕು. ಅಂಕಿಗಳನ್ನು ನೆನಪಿಡುವುದು ಅದರ ಫಲವಲ್ಲ. ಬಂದರೆ ಬರಲಿ, ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಬದುವಿನ ಹುಲ್ಲೂ ಚಿಗುರುತ್ತದೆ.

ಎಷ್ಟು ಹೊತ್ತು ಕೂರಬೇಕೆಂದು ತಾಯಂದಿರು ಕೇಳಿದ್ದಾರೆ. ಹೊಸದಾಗಿ ಪ್ರಾರಂಭಿಸುವವರಿಗೆ ಹತ್ತು ನಿಮಿಷ ಸಾಕು, ಬೆಳಗಿನ ಜಾವ, ಹಾಲು ಕರೆಯುವ ಗಡಿಬಿಡಿಗೆ ಮೊದಲು. ಮಂಡಿನೋವಿದ್ದವರು ಕುರ್ಚಿಯ ಮೇಲೆ ಕೂರಬಹುದು, ಬೆನ್ನು ನೆಟ್ಟಗಿರಲಿ. ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಡಾಕ್ಟರು ಹೇಳುವ ತನಕ ರೆಪ್ಪೆ ಬಡಿಯದ ನೋಟವನ್ನು ಮಾಡಕೂಡದು. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಕೂರುವ ಮೊದಲು ತಮ್ಮ ವೈದ್ಯರಿಗೆ ಒಂದು ಮಾತು ತಿಳಿಸಲಿ. ಬೆಳಗಿನ ಮಾತ್ರೆಯಿರುವವರು ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಅದೇ ನೀರಿನಲ್ಲಿ ಮಾತ್ರೆಯನ್ನೂ ನುಂಗಿ ಕೆಲಸಕ್ಕೆ ಹೊರಡಲಿ.